ಗಣಿಗೆ ಮುನ್ನ ಕುರುಚಲಿನ ಲೆಕ್ಕ

ಗಣಿಗಾರಿಕೆಗೆ ಅನುಮತಿ ಕೋರುವ ದಪ್ಪ ಕಡತಗಳಲ್ಲಿ ಸಸ್ಯ ಸಮೀಕ್ಷೆಯ ಅಧ್ಯಾಯವೊಂದು ಇದ್ದೇ ಇರುತ್ತದೆ. ಅದನ್ನು ಓದುವವರು ವಿರಳ. ಆದರೆ ಅಗೆದು ಮುಗಿದ ಮೇಲೆ ಕಂಪನಿಯು ನೆಲವನ್ನು ಯಾವ ಸ್ಥಿತಿಗೆ ತಂದು ಒಪ್ಪಿಸಬೇಕೆಂಬುದರ ಅಳತೆಗೋಲು ಸಿಗುವುದು ಆ ಪುಟಗಳಲ್ಲಿಯೇ. ಮೊದಲು ಇದ್ದುದು ಏನೂ ಅಲ್ಲವೆಂದು ಬರೆದುಬಿಟ್ಟರೆ, ಆಮೇಲೆ ಏನನ್ನು ಬಿಟ್ಟುಹೋದರೂ ಸಾಕಾಗುತ್ತದೆ.

ಅಮೆರಿಕದ ಪಶ್ಚಿಮ ಭಾಗದ ಸೇಜ್‌ಬ್ರಶ್ ಬಯಲುಗಳಲ್ಲಿ ಈ ಪ್ರಶ್ನೆ ಈಗ ತೀವ್ರವಾಗಿದೆ. ನೆವಾಡಾ ರಾಜ್ಯದ ಥ್ಯಾಕರ್ ಪಾಸ್ ಎಂಬಲ್ಲಿ ಲಿಥಿಯಂ ಗಣಿಗೆ ಅಲ್ಲಿನ ಭೂ ನಿರ್ವಹಣಾ ಇಲಾಖೆ 2021ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಪಯೂಟ್ ಮತ್ತು ಶೋಶೋನಿ ಮೂಲನಿವಾಸಿಗಳು, ಪರಿಸರವಾದಿಗಳು, ಒಬ್ಬ ದನಗಾಹಿ ರೈತ ಸಹ ನ್ಯಾಯಾಲಯದ ಮೆಟ್ಟಿಲೇರಿದರು. ಆದರೂ 2023ರಲ್ಲಿ ಕಾಮಗಾರಿ ಆರಂಭವಾಯಿತು. ಹೊಗೆಯುಗುಳದ ವಾಹನಗಳಿಗೆ ಬೇಕಾದ ಬ್ಯಾಟರಿಗಾಗಿ ಈ ಗಣಿ ಎಂಬುದನ್ನು ನಾವು ಮರೆಯಬಾರದು.

ಸೇಜ್‌ಬ್ರಶ್ ಎಂದರೆ ನಮ್ಮ ದವನದ ಕುಲಕ್ಕೆ ಸೇರಿದ ಬೂದುಬಣ್ಣದ, ಘಮಘಮಿಸುವ ಪೊದೆ. ಮೇಲ್ನೋಟಕ್ಕೆ ಪಾಳುಭೂಮಿಯ ಕುರುಚಲು. ಆದರೆ ಅದರ ನೆರಳಿನಲ್ಲಿ ಹಿಮ ನಿಲ್ಲುತ್ತದೆ, ಬುಡದಲ್ಲಿ ಹುಲ್ಲು ಮತ್ತು ಹೂಗಿಡಗಳು ಮೊಳೆಯುತ್ತವೆ. ಸೇಜ್ ಗ್ರೌಸ್ ಎಂಬ ಕಾಡುಕೋಳಿಗೆ ಚಳಿಗಾಲದುದ್ದಕ್ಕೂ ಇದರ ಎಲೆಯೇ ಬಹುಪಾಲು ಆಹಾರ. ದೊಡ್ಡ ಸೇಜ್‌ಬ್ರಶ್ ಬೆಂಕಿಗೆ ಸಿಕ್ಕರೆ ಬುಡದಿಂದ ಚಿಗುರುವುದಿಲ್ಲ. ಬೀಜದಿಂದಲೇ ಮತ್ತೆ ಹುಟ್ಟಬೇಕು. ಬೀಜವೋ ತಾಯಿಗಿಡದ ಸುತ್ತಮುತ್ತಲೇ ಉದುರುವಂಥದು. ಆದ್ದರಿಂದ ಒಮ್ಮೆ ಅಳಿದ ಪೊದೆಗಾಡು ಮರಳಲು ದಶಕಗಳೇ ಬೇಕು.

ಅಲ್ಲಿನ ಸರ್ಕಾರಿ ಇಲಾಖೆಗಳು ಮೇವುನೆಲದ ಆರೋಗ್ಯವನ್ನು 17 ಸೂಚಕಗಳಿಂದ ಪರೀಕ್ಷಿಸುತ್ತವೆ. ಮಣ್ಣಿನಲ್ಲಿ ಕೊರಕಲು ಬಿದ್ದಿದೆಯೇ, ಬರಿನೆಲ ಎಷ್ಟು, ತರಗೆಲೆ ಎಷ್ಟು, ಪರಕೀಯ ಕಳೆ ಹೊಕ್ಕಿದೆಯೇ ಇತ್ಯಾದಿ. ಇವನ್ನೆಲ್ಲ ಮಣ್ಣಿನ ಸ್ಥಿರತೆ, ನೀರಿನ ನಡೆ, ಜೀವಸಮುದಾಯದ ಸಮಗ್ರತೆ ಎಂಬ ಮೂರು ಗುಣಗಳ ಕೆಳಗೆ ತೂಗುತ್ತಾರೆ. ಪದ್ಧತಿ ಒಳ್ಳೆಯದೇ. ತೊಡಕಿರುವುದು, ಯಾವುದಕ್ಕೆ ಹೋಲಿಸಿ ತೂಗುತ್ತೇವೆ ಮತ್ತು ಯಾವ ತಿಂಗಳಲ್ಲಿ ತೂಗುತ್ತೇವೆ ಎಂಬಲ್ಲಿ. ವಸಂತದಲ್ಲಿ ಅರಳಿ ಬೇಸಿಗೆಗೆ ಒಣಗಿಹೋಗುವ ಹೂಗಿಡಗಳು ಆಗಸ್ಟಿನಲ್ಲಿ ಬಂದ ಸಮೀಕ್ಷಕನ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು 'ಕಳಪೆ' ಎಂಬ ಅಂಕದ ವಿಚಾರ. ಹತ್ತೊಂಬತ್ತನೆಯ ಶತಮಾನದಿಂದ ಮಿತಿಮೀರಿ ದನ, ಕುರಿ ಮೇಯಿಸಿದ್ದರಿಂದ ಸ್ಥಳೀಯ ಹುಲ್ಲು ಸೊರಗಿತು. ಆ ತೆರವಿನಲ್ಲಿ ಯುರೇಷಿಯಾದಿಂದ ಬಂದ ಚೀಟ್‌ಗ್ರಾಸ್ ಎಂಬ ವಾರ್ಷಿಕ ಹುಲ್ಲು ಹಬ್ಬಿತು. ಅದು ಬೇಗನೆ ಒಣಗಿ ಬೆಂಕಿಗೆ ಮೇವಾಗುತ್ತದೆ. ಬೆಂಕಿಯಿಂದ ಸೇಜ್‌ಬ್ರಶ್ ಸಾಯುತ್ತದೆ. ಖಾಲಿಯಾದ ನೆಲಕ್ಕೆ ಮತ್ತೆ ಚೀಟ್‌ಗ್ರಾಸೇ ಬರುತ್ತದೆ. ಸಾಲದುದಕ್ಕೆ, ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಸರ್ಕಾರವೇ ಕಳೆನಾಶಕ ಸಿಂಪಡಿಸಿ ಪೊದೆಗಳನ್ನು ಕೊಂದು, ದನಗಳಿಗಾಗಿ ಹೊರಗಿನಿಂದ ತಂದ ಹುಲ್ಲನ್ನು ಬಿತ್ತಿಸಿತು! ಹೀಗೆ ಕೆಡಿಸಿದ ನೆಲಕ್ಕೆ ಕಳಪೆಯೆಂಬ ಅಂಕ ಬರುವುದು ಸಹಜ. ಆದರೆ ಅದನ್ನೇ ಮುಂದಿಟ್ಟು 'ಹೇಗೂ ಹಾಳಾದದ್ದು, ಅಗೆದರೇನು' ಎನ್ನುವುದನ್ನು ನಾನು ಒಪ್ಪಲಾರೆ. ಸೊರಗಿದ ಬಯಲಿನಲ್ಲಿ ಉಳಿದಿರುವ ಪೊದೆಗಳೇ ಆ ಸೀಮೆಯ ಬೀಜದ ಕಣಜ. ಕಳಪೆ ಎಂಬುದು ಚಿಕಿತ್ಸೆ ಬೇಕೆನ್ನುವ ಚೀಟಿ. ಅಗೆಯಲು ಪರವಾನಗಿ ಅಲ್ಲ.

ಕಾನೂನಿನ ಕಾಲಮಾನ ಬೇರೆಯೇ ಇದೆ. ಕಲ್ಲಿದ್ದಲು ಗಣಿಗಳಿಗಾಗಿ ಅಮೆರಿಕ 1977ರಲ್ಲಿ ತಂದ ಶಾಸನದಂತೆ, ವರ್ಷಕ್ಕೆ 26 ಅಂಗುಲ ಅಥವಾ ಕಡಿಮೆ ಮಳೆಯ ಪ್ರದೇಶದಲ್ಲಿ ಮರುಬೆಳೆಸಿದ ಸಸ್ಯಗಳಿಗೆ ಕಂಪನಿ 10 ವರ್ಷ ಹೊಣೆಯಾಗಿರಬೇಕು. ಚಿನ್ನ, ಲಿಥಿಯಂ ಮುಂತಾದವು ಈ ಶಾಸನದ ವ್ಯಾಪ್ತಿಗೆ ಬರುವುದಿಲ್ಲ. ಸಾರ್ವಜನಿಕ ಭೂಮಿಯಲ್ಲಿ ಅವುಗಳ ಮೇಲಿನ ಹಕ್ಕಿಗೆ ಇಂದಿಗೂ 1872ರ ಕಾಯಿದೆಯೇ ಆಧಾರ.

ನಮ್ಮ ಓದುಗರಿಗೆ ಇದೆಲ್ಲ ದೂರದ ಮಾತೆನಿಸದು. ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಆದರೆ ಹುಲ್ಲುಗಾವಲನ್ನು ಬೋಳುಗುಡ್ಡವೆಂದು ಕಾಣುವ ದೃಷ್ಟಿ ನಿಂತಿಲ್ಲ. ಸರ್ಕಾರಿ ನಕ್ಷೆಗಳಲ್ಲಿ ಕುರುಚಲು ಭೂಮಿ ಇಂದಿಗೂ ಬಂಜರಿನ ಪಟ್ಟಿಯಲ್ಲಿದೆ. ಮಲೆನಾಡಿನ ಬೇಣ, ಗೋಮಾಳಗಳಲ್ಲಿ ಅಕೇಶಿಯಾ ನೆಟ್ಟು ಹಸಿರೀಕರಣವೆಂದು ಕರೆದದ್ದನ್ನು ನಾವೆಲ್ಲ ಕಂಡಿದ್ದೇವೆ.

ಅಮೆರಿಕದವರ ಅಳತೆಯ ಕ್ರಮವೊಂದನ್ನು ನಮ್ಮ ವಿದ್ಯಾರ್ಥಿಗಳು ಖರ್ಚಿಲ್ಲದೆ ಕಲಿಯಬಹುದು. 50 ಮೀಟರ್ ಉದ್ದದ ಟೇಪನ್ನು ನೆಲದ ಮೇಲೆ ಬಿಗಿಯಾಗಿ ಎಳೆಯಿರಿ. ಪ್ರತಿ ಅರ್ಧ ಮೀಟರಿಗೆ ಸಪೂರವಾದ ಕಡ್ಡಿಯೊಂದನ್ನು ನೇರವಾಗಿ ಇಳಿಸಿ, ಅದು ಮುಟ್ಟಿದ್ದೇನು ಎಂದು ಬರೆದುಕೊಳ್ಳಿ: ಯಾವ ಹುಲ್ಲು, ಯಾವ ಪೊದೆ, ತರಗೆಲೆ, ಕಲ್ಲು, ಬರಿಮಣ್ಣು. ನೂರು ಬಿಂದುಗಳಾದಾಗ ಶೇಕಡಾವಾರು ಲೆಕ್ಕ ತಾನಾಗಿಯೇ ಸಿಗುತ್ತದೆ. ಸಸ್ಯದ ಹೆಸರನ್ನು ಊರಿನ ಹಿರಿಯರನ್ನು ಕೇಳಿ ಬರೆಯಿರಿ. ಮಳೆಗಾಲ ಮುಗಿದೊಡನೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ, ಅದೇ ಗೆರೆಯ ಮೇಲೆ ಅಳೆಯಬೇಕು. ದಿನಾಂಕ ಮತ್ತು ಛಾಯಾಚಿತ್ರ ಸಹಿತ ಒಂದು ಪ್ರತಿಯನ್ನು ಗ್ರಾಮಸಭೆಯ ನಡಾವಳಿಗೆ ಸೇರಿಸಿ. ನಾಳೆ ಸಾರ್ವಜನಿಕ ಅಹವಾಲು ನಡೆದರೆ, ಕಂಪನಿಯ ಪುಟಗಳ ಎದುರು ಇಡಲು ನಮ್ಮದೂ ನಾಲ್ಕು ಪುಟಗಳಿರುತ್ತವೆ.