ಗಾಳಿಗಿಂತ ಮೊದಲು ಇಂಧನ

ಹಾವೇರಿಯಿಂದ ರಾಣೆಬೆನ್ನೂರಿಗೆ ಮೂವತ್ತು ಚಿಲ್ಲರೆ ಕಿಲೋಮೀಟರಿನ ದಾರಿ. ಹಿರಿಯರು ಇಂದಿಗೂ ಪುಣೆ-ಬೆಂಗಳೂರು ರಸ್ತೆಯೆಂದೇ ಕರೆಯುವ ಈ ಹೆದ್ದಾರಿಯಲ್ಲಿ ಮೋಟೆಬೆನ್ನೂರಿನ ಬಳಿ ಬ್ಯಾಡಗಿಯ ಕವಲು ಸಿಗುತ್ತದೆ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಚೀಲ ಹೇರಿದ ಲಾರಿಗಳು ಏದುಸಿರು ಬಿಡುತ್ತ ಸಾಗುವಾಗ ಹಿಂದಿನ ಸಣ್ಣ ಕಾರಿನ ತರುಣನಿಗೆ ತಾಳ್ಮೆ ತಪ್ಪುತ್ತದೆ. ಅವನದು ಒಂದು ಲೀಟರಿನ, ಮೂರು ಸಿಲಿಂಡರಿನ ಪೆಟ್ರೋಲ್ ಯಂತ್ರ, ಅದಕ್ಕೊಂದು ಟರ್ಬೊ. ಬ್ಯಾಂಕಿನ ಸಾಲ ತೀರುವುದಕ್ಕೆ ಇನ್ನೂ ಎರಡು ವರ್ಷವಿದೆ. ಆದರೂ ಇನ್ನೊಂದಿಪ್ಪತ್ತು ಅಶ್ವಶಕ್ತಿ ಇದ್ದಿದ್ದರೆ ಎಂಬ ಆಸೆ ಬಿಡದು.

ಆಸೆ ತಪ್ಪಲ್ಲ. ಅದನ್ನು ತೀರಿಸಿಕೊಡುವವರಿಗೂ ಕೊರತೆಯಿಲ್ಲ. ಗಾಡಿಯ ಗಣಕಕ್ಕೆ ತಂತಿ ಜೋಡಿಸಿ, ಟರ್ಬೊ ಒತ್ತುವ ಗಾಳಿಯ ಪ್ರಮಾಣವನ್ನು ಏರಿಸಿಕೊಟ್ಟರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಆದರೆ ಏರಿದ ಗಾಳಿಗೆ ತಕ್ಕ ಇಂಧನ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಆ ಅರ್ಧ ಗಂಟೆಯಲ್ಲಿ ಯಾರೂ ಎತ್ತುವುದಿಲ್ಲ.

ಟರ್ಬೊ ಎಂಬುದು ಕಮ್ಮಾರನ ತಿದಿಯ ದೂರದ ಬಂಧು. ಹೊರಗೆ ಹೋಗುವ ಹೊಗೆಯೇ ಒಂದು ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಮೀರಿದ ಸುತ್ತು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಯಂತ್ರದೊಳಕ್ಕೆ ಒತ್ತಿ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಈ ಉಪಾಯಕ್ಕೆ 1905ರಲ್ಲಿಯೇ ಪೇಟೆಂಟ್ ಮಾಡಿಸಿದ್ದನು.

ಈ ಸೀಮೆಯ ಮೆಕ್ಯಾನಿಕರ ಕೈ ಪಳಗಿರುವುದು ಬಹುಪಾಲು ಲಾರಿಗಳ ಡೀಸೆಲ್ ಯಂತ್ರಗಳ ಮೇಲೆ. ಅಲ್ಲಿ ಗಾಳಿ ಸದಾ ಹೆಚ್ಚೇ ಇರುತ್ತದೆ. ಶಕ್ತಿ ಬೇಕೆಂದರೆ ಡೀಸೆಲ್ ಹೆಚ್ಚು ಬಿಡಬೇಕು. ಮಿತಿ ಮೀರಿ ಬಿಟ್ಟರೆ ಕರಿಹೊಗೆ ಹೊರಟು ಯಂತ್ರ ಕಾಯುತ್ತದೆ. ಆ ಹೊಗೆಯೇ ಎಚ್ಚರಿಕೆ. ಪೆಟ್ರೋಲಿನ ಧರ್ಮ ಇದಕ್ಕೆ ತೀರ ವಿರುದ್ಧ. ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾದರೆ ಮಿಶ್ರಣ ತೆಳುವಾಗುತ್ತದೆ, ಉರಿಯ ಕಾವು ಏರುತ್ತದೆ, ಕಿಡಿ ಹೊತ್ತಿಸಿದ ಜ್ವಾಲೆ ಮುಟ್ಟುವುದಕ್ಕೆ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಡಬ್ಬಿಯಲ್ಲಿ ಗೋಲಿ ಅಲುಗಿಸಿದಂತಹ ಆ ಸದ್ದಿಗೆ ಗ್ಯಾರೇಜಿನಲ್ಲಿ ನಾಕಿಂಗ್ ಎನ್ನುತ್ತಾರೆ. ಕಿಟಕಿ ಏರಿಸಿ ಹಾಡು ಹಾಕಿಕೊಂಡವನಿಗೆ ಅದು ಕೇಳಿಸುವುದೂ ಇಲ್ಲ. ಕರಿಹೊಗೆಯಿಲ್ಲ, ಯಾವ ಸೂಚನೆಯೂ ಇಲ್ಲ. ಕೆಲವೇ ಕ್ಷಣಗಳಲ್ಲಿ ಪಿಸ್ಟನ್ನಿನ ಅಂಚು ಒಡೆಯಬಹುದು, ನೆತ್ತಿ ಕರಗಿ ತೂತಾಗಬಹುದು.

ಲೆಕ್ಕ ಕಠಿಣವಲ್ಲ. ಹಾವೇರಿ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ವಾಯುಭಾರ ಸುಮಾರು 0.95 ಬಾರ್. ಟರ್ಬೊ ಅದರ ಮೇಲೆ 0.8 ಬಾರ್ ಒತ್ತುತ್ತಿದ್ದರೆ ಒಟ್ಟು 1.75. ಅದನ್ನು 1 ಬಾರಿಗೆ ಏರಿಸಿದರೆ ಒಟ್ಟು 1.95. ಒಳಗಿನ ಕಾವು ಒಂದೇ ಎಂದಿಟ್ಟುಕೊಂಡರೆ ಗಾಳಿ ಶೇಕಡಾ 11ರಷ್ಟು ಹೆಚ್ಚಿತು. ಇಂಧನವೂ ಅಷ್ಟೇ ಹೆಚ್ಚಬೇಕು. ಒಳಹರಿವಿನ ಕೊಳವೆಯಲ್ಲಿ ಪೆಟ್ರೋಲ್ ಚಿಮ್ಮಿಸುವ ಯಂತ್ರವು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದು ಪೂರ್ಣ ಆವರ್ತಕ್ಕೆ ಸಿಗುವ ಕಾಲ ಸೆಕೆಂಡಿನ ಐವತ್ತನೆಯ ಒಂದು ಭಾಗ. ಅದರಲ್ಲಿ ಶೇಕಡಾ 80-85ರಷ್ಟು ಕಾಲ ಇಂಜೆಕ್ಟರ್ ತೆರೆದೇ ಇದ್ದರೆ ಅದರ ಶಕ್ತಿ ಬಹುಮಟ್ಟಿಗೆ ಮುಗಿದಂತೆಯೇ. ಗಣಕ ಎಷ್ಟು ಆಜ್ಞೆ ಕೊಟ್ಟರೂ ಮುಂದೆ ಹನಿ ಹೆಚ್ಚುವುದಿಲ್ಲ. ಆಗ ಬೇಕಾದದ್ದು ದೊಡ್ಡ ಇಂಜೆಕ್ಟರ್, ಸಮರ್ಥವಾದ ಪಂಪು; ಹೊಸ ನಕ್ಷೆಯಲ್ಲ. ಸಿಲಿಂಡರಿನೊಳಕ್ಕೇ ಇಂಧನ ಚಿಮ್ಮಿಸುವ ಹೊಸ ಯಂತ್ರಗಳಲ್ಲಿ ಅವಕಾಶ ಇನ್ನೂ ಕಿರಿದು; ಅಲ್ಲಿ ಅಧಿಕ ಒತ್ತಡದ ಪಂಪೇ ಮೊದಲು ಸೋಲುವುದುಂಟು.

ಈಚೆಗೆ ಇನ್ನೊಂದು ತೊಡಕು ಸೇರಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಯಿತು. ಎಥನಾಲ್ ನಾಕಿಂಗನ್ನು ತಡೆಯುವ ಗುಣವುಳ್ಳದ್ದು, ಅದು ಲಾಭ. ಆದರೆ ಒಂದು ಭಾಗ ಶುದ್ಧ ಪೆಟ್ರೋಲ್ ಉರಿಯಲು 14.7 ಭಾಗ ಗಾಳಿ ಬೇಕಾದರೆ ಈ ಬೆರಕೆಗೆ ಸುಮಾರು 13.5 ಸಾಕು; ಎಂದರೆ ಅಷ್ಟೇ ಗಾಳಿಗೆ ಶೇಕಡಾ ಎಂಟೊಂಬತ್ತರಷ್ಟು ಹೆಚ್ಚು ಇಂಧನ. ಪರದೇಶದ ಪೆಟ್ರೋಲಿಗೆಂದು ಬರೆದ ನಕ್ಷೆಯನ್ನು ತಂದು ಇಲ್ಲಿ ತುಂಬಿದರೆ ಇಂಜೆಕ್ಟರಿನ ಮೇಲೆ ಎರಡು ಹೊರೆ ಒಮ್ಮೆಗೇ ಬೀಳುತ್ತವೆ.

ದೊಡ್ಡ ಕಂಪನಿಗಳಿಗೂ ಈ ಗಂಟು ಸುಲಭವಾಗಿ ಬಿಚ್ಚಲಿಲ್ಲ. ಅಮೆರಿಕದ ಓಲ್ಡ್ಸ್‌ಮೊಬೈಲ್ 1962ರಲ್ಲಿ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಹೊರತಂದಿತು. ನಾಕಿಂಗ್ ಆಗದಿರಲೆಂದು ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಪ್ರತ್ಯೇಕ ತೊಟ್ಟಿಯಿಂದ ಚಿಮ್ಮಿಸುವ ಏರ್ಪಾಡು ಅದರಲ್ಲಿತ್ತು. ತೊಟ್ಟಿ ಬರಿದಾದರೆ ಯಂತ್ರ ಕೆಡದಂತೆ ಗಾಳಿಯ ಒತ್ತಡ ತಾನಾಗಿ ತಗ್ಗುತ್ತಿತ್ತು. ಆದರೆ ತೊಟ್ಟಿ ತುಂಬಿಸಲು ಮರೆತ ಒಡೆಯರು ಗಾಡಿ ಸೋಮಾರಿಯಾಯಿತೆಂದು ಗೊಣಗಿದರು! ಕಾರು ಎರಡೇ ವರ್ಷದಲ್ಲಿ ನಿಂತಿತು. ಮುಂದೆ ಕಂಪನಿಯೇ ಟರ್ಬೊ ಕಳಚಿ ಸಾಮಾನ್ಯ ಕಾರ್ಬುರೇಟರ್ ಹಾಕಿಕೊಡಲು ಮುಂದಾಯಿತು. ಆ ರಕ್ಷಣೆಯ ಕವಾಟ ಮಾತ್ರ ಜಾಣತನದ್ದು. ಹೊಸ ನಕ್ಷೆ ಬರೆಸುವಾಗಲೂ ಕೇಳಬೇಕಾದದ್ದು ಅದನ್ನೇ: ಒತ್ತಡ ಮಿತಿ ಮೀರಿದರೆ, ಮಿಶ್ರಣ ತೆಳುವಾದರೆ ಶಕ್ತಿಯನ್ನು ತಗ್ಗಿಸುವ ಕಾವಲು ಉಳಿಯಿತೋ, ಇಲ್ಲವೋ? ಅಡ್ಡ ಬರುತ್ತದೆಂದು ಅದನ್ನೇ ತೆಗೆದುಹಾಕುವವನ ಕೈಗೆ ಕೀಲಿಕೈ ಕೊಡಬಾರದು.

ಪರೀಕ್ಷೆಗೆ ಹೆದ್ದಾರಿ ತಕ್ಕ ಸ್ಥಳವಲ್ಲ. ಉರುಳೆಗಳ ಮೇಲೆ ಗಾಡಿ ಓಡಿಸುವ ಡೈನೊ ಯಂತ್ರ ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ದೊರೆತರೆ ಅಲ್ಲಿ, ವೈಡ್‌ಬ್ಯಾಂಡ್ ಮಾಪಕ ಜೋಡಿಸಿ, ಒಮ್ಮೆಗೆ 0.1 ಬಾರಿಗಿಂತ ಹೆಚ್ಚಿಸದೆ ನೋಡಬೇಕು. ಚೈತ್ರ-ವೈಶಾಖದ ಸುಡುಗಾಳಿಯಲ್ಲಿ ಸರಿಹೋದದ್ದು ಮಾರ್ಗಶಿರದಲ್ಲಿಯೂ ಸರಿಹೋದೀತು. ಚಳಿಗಾಲದ ಬೆಳಗಿನಲ್ಲಿ ಹೊಂದಿಸಿದ್ದಕ್ಕೆ ಆ ಭರವಸೆಯಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಮನೆಯ ಗಾಡಿಯನ್ನು ಹದಗೊಳಿಸುವವರು ಆ ರುಚಿಯನ್ನು ಮೆಚ್ಚಿದರೆ ಚೆನ್ನ.

ಇನ್ನು ಕಾನೂನು. ನೋಂದಣಿ ಪತ್ರದ ವಿವರವು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. 2019ರ ತಿದ್ದುಪಡಿಯು ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡನ್ನೂ ವಿಧಿಸಿತು. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಬಯಲಾದರೆ ಪರಿಹಾರಕ್ಕೆ ಕುತ್ತು ಬರಬಹುದು. ಸಾಲದ ಕಂತು ಕಟ್ಟುತ್ತಿರುವ ತಂದೆಗೆ ಮಗನು ಈ ಮಾತನ್ನು ಗ್ಯಾರೇಜಿಗೆ ಹೋಗುವ ಮೊದಲೇ ಹೇಳಬೇಕು. ಮೋಟೆಬೆನ್ನೂರಿನ ಕವಲಿನಿಂದ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದ ಮೇಲಲ್ಲ.