ಮೂರನೆಯ ದಿನದ ಹಳದಿ

ಮಿದುಳಿನ ಆರೋಗ್ಯವೆಂದೊಡನೆ ನಮ್ಮ ಪತ್ರಿಕೆಗಳು ಮುಪ್ಪಿನ ಮರೆವನ್ನೇ ಕುರಿತು ಬರೆಯುತ್ತವೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಆ ಮರೆವಿಗೆ ಸಂಬಂಧಪಟ್ಟ ಅಮೈಲಾಯ್ಡ್ ದ್ರವ್ಯವನ್ನು ಹಿಡಿದಿಡಬಲ್ಲುದೆಂಬ ಮಾತೂ ಆ ಪ್ರಸಂಗದಲ್ಲಿ ಬರುವುದುಂಟು. ಅದು ಇನ್ನೂ ಪರೀಕ್ಷೆಯಲ್ಲಿರುವ ವಿಷಯ. ಆದರೆ ಅದೇ ಆಲ್ಬುಮಿನ್ನು ಹಸುಗೂಸಿನ ಮಿದುಳನ್ನು ಮೊದಲ ವಾರದಲ್ಲಿ ಕಾಯುವ ರೀತಿಯನ್ನು ವೈದ್ಯರು ಅರ್ಧ ಶತಮಾನಕ್ಕೂ ಹಿಂದೆಯೇ ಬಲ್ಲವರಾಗಿದ್ದರೂ, ಆ ಕಾವಲಿಗೆ ಒಂದು ಮಿತಿಯುಂಟೆಂಬುದನ್ನು ಕಲಬುರಗಿ, ಕಮಲಾಪುರಗಳ ಬಾಣಂತಿಯರ ಮನೆಗೆ ಮುಟ್ಟಿಸುವ ಕೆಲಸ ಇಂದಿಗೂ ಅರೆಯಾಗಿಯೇ ಉಳಿದಿದೆ.

ಹುಟ್ಟಿದ ಕೂಸಿನ ಕೆಂಪು ರಕ್ತಕಣಗಳು ಒಡೆದಂತೆಲ್ಲ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಹುಟ್ಟುತ್ತದೆ. ಕೊಬ್ಬಿನಲ್ಲಿ ಕರಗುವ ಸ್ವಭಾವದ ಇದು ಒಂಟಿಯಾಗಿ ಸಂಚರಿಸಿದರೆ ಮಿದುಳಿನೊಳಕ್ಕೆ ನುಸುಳಬಲ್ಲುದು. ಹಾಗಾಗದಂತೆ ಹಿಡಿದು ಯಕೃತ್ತಿಗೆ ಒಯ್ಯುವುದು ಆಲ್ಬುಮಿನ್ನು. ನೆಹರು ಗಂಜಿನ ಹಮಾಲನು ಒಂದು ಸಲಕ್ಕೆ ಒಂದೇ ತೊಗರಿ ಚೀಲವನ್ನು ಹೊರುವಂತೆ, ಆಲ್ಬುಮಿನ್ನಿನ ಒಂದು ಅಣು ಬಿಲಿರುಬಿನ್ನಿನ ಒಂದೇ ಅಣುವನ್ನು ಬಿಗಿಯಾಗಿ ಹಿಡಿಯುತ್ತದೆ. ತೂಕದಲ್ಲಿ ಹೇಳುವುದಾದರೆ 1 ಗ್ರಾಂ ಆಲ್ಬುಮಿನ್ನಿಗೆ ಸುಮಾರು 8 ಮಿಲಿಗ್ರಾಂ. ದಿನ ತುಂಬದೆ ಹುಟ್ಟಿದ ಕೂಸಿನಲ್ಲಿ ಈ ಪ್ರೋಟೀನೇ ಕಡಮೆ. ಹೊರೆ ಮಿತಿಮೀರಿತೆಂದರೆ ಉಳಿದ ಬಿಲಿರುಬಿನ್ನು ಮಿದುಳಿನ ಆಳದ ಕೇಂದ್ರಗಳಲ್ಲಿ ನೆಲೆಯೂರಿ, ಬದುಕಿದ ಮಗುವಿಗೆ ಕಿವುಡುತನವನ್ನೂ ಕೈಕಾಲುಗಳ ಮೇಲೆ ಹತೋಟಿಯಿಲ್ಲದ ಜೀವನವನ್ನೂ ಉಳಿಸಿಹೋಗುತ್ತದೆ.

ಇದು ತಿಳಿದುಬಂದದ್ದು ದಾರುಣವಾದ ರೀತಿಯಲ್ಲಿ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸೋಂಕು ತಗಲದಿರಲೆಂದು ನ್ಯೂಯಾರ್ಕಿನಲ್ಲಿ ಪೆನಿಸಿಲಿನ್ನಿನೊಡನೆ ಒಂದು ಸಲ್ಫಾ ಔಷಧವನ್ನು ಕೊಡುತ್ತಿದ್ದರು. ಬೇರೆ ಔಷಧ ಪಡೆದವುಗಳಿಗಿಂತ ಈ ಶಿಶುಗಳೇ ಹೆಚ್ಚಾಗಿ ಸತ್ತುವೆಂದೂ ಅವುಗಳ ಮಿದುಳಿನಲ್ಲಿ ಹಳದಿ ಕಲೆಗಳಿದ್ದುವೆಂದೂ ಸಿಲ್ವರ್‌ಮನ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದರು. ಸಲ್ಫಾ ಔಷಧವು ಆಲ್ಬುಮಿನ್ನಿನ ಮೇಲಿನ ಸ್ಥಾನವನ್ನು ತಾನು ಆಕ್ರಮಿಸಿ ಬಿಲಿರುಬಿನ್ನನ್ನು ಕೆಳಕ್ಕೆ ತಳ್ಳುತ್ತದೆಂಬ ವಿವರಣೆ ಆಮೇಲೆ ಬಂತು. ಅದೇ ಕಾಲಕ್ಕೆ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್, ಬಿಸಿಲಿಗೆ ಒಯ್ದ ಕೂಸಿನ ಮೈ ತಿಳಿಯಾಗಿ, ದುಪ್ಪಟಿ ಮುಚ್ಚಿದ್ದ ಭಾಗವೊಂದೇ ಹಳದಿಯಾಗಿ ಉಳಿದುದನ್ನು ವೈದ್ಯರಿಗೆ ತೋರಿಸಿದಳು. ಇಂದಿನ ನೀಲಿ ಬೆಳಕಿನ ಚಿಕಿತ್ಸೆಯ ಮೂಲವಿದು.

ಆದುದರಿಂದ ಕೂಸಿಗೆ ಬಿಸಿಲು ತೋರಿಸೆನ್ನುವ ನಮ್ಮ ಅಜ್ಜಿಯರ ಮಾತನ್ನು ನಗೆಗೀಡುಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಬಿಸಿಲಿನ ಪ್ರಮಾಣವನ್ನು ಅಳೆಯುವವರಾರು? 40 ಡಿಗ್ರಿ ದಾಟುವ ಕಲಬುರಗಿಯ ಬೇಸಗೆಯಲ್ಲಿ ಬೆತ್ತಲೆ ಕೂಸು ಬೇಗ ಬಾಡುತ್ತದೆ. ಬಾಡಿದ ಕೂಸಿನ ಕಾಮಣಿ ಇಳಿಯುವ ಬದಲು ಏರುತ್ತದೆ. ಕಾಮಣಿಗೆ ಎಲೆಮದ್ದು ಕೊಡುವವರ ಮನೆಬಾಗಿಲಲ್ಲಿ ಕಳೆದುಹೋಗುವ ಎರಡು ದಿನಗಳ ವಿಷಯದಲ್ಲಿ ನನಗೆ ಇಷ್ಟು ಸಹನೆಯೂ ಇಲ್ಲ. ಇನ್ನು, ಸೂಪರ್ ಮಾರ್ಕೆಟ್ಟಿನಲ್ಲಿ ಕುಂಚಿಗೆಯನ್ನು ಕೊಳ್ಳುವ ಮಂದಿ ಅಲ್ಲಿಯೇ ಒಂದು ಪೊಟ್ಟಣ ಡಾಂಬರ ಗುಳಿಗೆಯನ್ನೂ ಕೊಂಡು, ಎರಡನ್ನೂ ಒಂದೇ ಟ್ರಂಕಿನಲ್ಲಿಡುವುದುಂಟು. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದ ಕೂಸಿಗೆ ಆ ನ್ಯಾಫ್ತಲೀನಿನ ವಾಸನೆ ಹಿಡಿದ ಬಟ್ಟೆಯೇ ಸಾಕು, ರಕ್ತಕಣಗಳು ರಾಶಿರಾಶಿಯಾಗಿ ಒಡೆಯಲು. ಅಂಗಡಿಯವನು ಪೊಟ್ಟಣ ಕಟ್ಟುವಾಗ ಈ ಒಂದು ಮಾತನ್ನು ಹೇಳಿದರೆ ಅವನ ವ್ಯಾಪಾರಕ್ಕೇನೂ ಕುಂದಾಗದು.

ಬಿಲಿರುಬಿನ್ನು ಶಿಖರಕ್ಕೇರುವುದು ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದೊಳಗೆ. ಸಹಜ ಹೆರಿಗೆಯಾದ ಬಾಣಂತಿಯನ್ನು ಮನೆಗೆ ಕಳುಹಿಸುವುದಾದರೋ 48 ಗಂಟೆಗಳ ಆಸುಪಾಸಿನಲ್ಲಿ. ಅಪಾಯ ಮನೆಯಲ್ಲಿದ್ದು ಅಳತೆಯ ಸಾಧನ ಆಸ್ಪತ್ರೆಯಲ್ಲಿರುವ ಈ ಏರ್ಪಾಡು ಸರಿಯಲ್ಲ. ಕಂದು ಮೈಬಣ್ಣದ ಕೂಸಿನಲ್ಲಿ ಹಳದಿಯ ಪ್ರಮಾಣವನ್ನು ಕಣ್ಣಂದಾಜಿನಿಂದ ನಿರ್ಣಯಿಸುವುದು ನುರಿತ ವೈದ್ಯನಿಗೂ ಕಷ್ಟ. ಹಣೆಗೆ ಒತ್ತಿದೊಡನೆ ಸೂಜಿಯಿಲ್ಲದೆ ಮಟ್ಟವನ್ನು ತೋರಿಸುವ ಪುಟ್ಟ ಯಂತ್ರವಿದೆ. ಕಮಲಾಪುರದ ಸರಕಾರಿ ಆಸ್ಪತ್ರೆಯಿಂದ ಯಾವ ಕೂಸೂ ಆ ಅಂಕಿಯನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳದೆ ಹೊರಡಬಾರದೆಂಬುದು ನನ್ನ ಬೇಡಿಕೆ. ಆಶಾ ಕಾರ್ಯಕರ್ತೆಯು ನಿಯಮದ ಪ್ರಕಾರ ಮೂರನೆಯ ದಿನವೂ ಏಳನೆಯ ದಿನವೂ ಮನೆಗೆ ಬರುತ್ತಾಳೆ, ತಕ್ಕಡಿಯನ್ನೂ ಜ್ವರಮಾಪಕವನ್ನೂ ತರುತ್ತಾಳೆ. ಉಪಕೇಂದ್ರಕ್ಕೊಂದರಂತೆ ಆ ಯಂತ್ರವನ್ನೂ ಕೊಟ್ಟರೆ ಮೂರನೆಯ ದಿನದ ಭೇಟಿಗೆ ಅವಳು ಅದನ್ನು ಒಯ್ಯಬಹುದು. ಅಂಕಿ ಏರಿದ್ದರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕೂಸನ್ನು ಕಲಬುರಗಿಗೆ ಸಾಗಿಸುವ ವಾಹನವೂ ಚಿಕಿತ್ಸೆಯೂ 2011ರಿಂದಲೇ ಉಚಿತವಾಗಿವೆ.