ಕೊನೆಯ ಅಂಕಿಯ ತಗಾದೆ

ಪೈಯನ್ನು 163ರ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು 'ಇ' ಎಂಬ ಸಂಖ್ಯೆಗೆ ಘಾತವಾಗಿ ಏರಿಸಿದರೆ 262537412640768743.99999999999925 ಎಂದು ಶುರುವಾಗುವ ಸಂಖ್ಯೆ ಸಿಗುತ್ತದೆ. ಇದನ್ನು 1859ರಲ್ಲೇ ಗಮನಿಸಿದವನು ಹರ್ಮೀಟ್. ಅಂಟಿಕೊಂಡದ್ದು ಮಾತ್ರ ರಾಮಾನುಜನ್ ಹೆಸರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ರಾಮಾನುಜನ್ ಹೆಸರೆತ್ತಿ ಇದು ಪೂರ್ಣಾಂಕವೇ ಎಂದು ಬರೆದು ಓದುಗರನ್ನು ಏಪ್ರಿಲ್ ಫೂಲ್ ಮಾಡಿದ್ದರ ಫಲ ಅದು. ಹತ್ತು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಿ ನಿಲ್ಲಿಸಿದವನಿಗೆ ಕಾಣುವುದು ಬರೀ 9. ಪೂರ್ಣಾಂಕವೋ, ಅದಕ್ಕಿಂತ ಕೂದಲೆಳೆ ಕೆಳಗೋ ಎಂದು ಅವನು ಆಣೆ ಮಾಡಿ ಹೇಳಲಾರ.

ಗಣಿತ ಲೈಬ್ರರಿ ಬರೆಯುವವರ ಪಾಡು ಇದೇ. ಕಂಪ್ಯೂಟರಿನ 'ಡಬಲ್' ಸಂಖ್ಯೆಯಲ್ಲಿ 53 ಬಿಟ್, ಅಂದರೆ ಹೆಚ್ಚುಕಡಿಮೆ ಹದಿನಾರು ಅಂಕಿ ಹಿಡಿಸುತ್ತವೆ. 'ಇ'ಯ ಘಾತ ಸೊನ್ನೆಯಾಗದ ಹೊರತು ನಿಜವಾದ ಉತ್ತರ ಅದರಲ್ಲಿ ಎಂದೂ ಸರಿಯಾಗಿ ಕೂರದು. ಅಕ್ಕಪಕ್ಕದ ಎರಡರಲ್ಲಿ ಹತ್ತಿರದ್ದನ್ನು ಆರಿಸಬೇಕು. ಉತ್ತರ ಎರಡರ ನಟ್ಟನಡುವೆ ಬಿದ್ದಂತೆ ಕಂಡರೆ ಇನ್ನಷ್ಟು ಅಂಕಿ ಎಣಿಸಬೇಕು. ಎಷ್ಟು? ಎಣಿಸದೆ ಗೊತ್ತಾಗದು. ವಿಲಿಯಂ ಕಹಾನ್ ಇದಕ್ಕೆ 'ಕೋಷ್ಟಕ ಮಾಡುವವನ ಇಕ್ಕಟ್ಟು' ಎಂಬರ್ಥದ ಹೆಸರಿಟ್ಟರು.

ಇಷ್ಟೆಲ್ಲ ಯಾಕೆ ಬೇಕು ಎನ್ನುವವರ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಪ್ರಯೋಗಶಾಲೆಯ ಅಳತೆಗಳಲ್ಲಿ ನಂಬಬಹುದಾದ ಅಂಕಿಗಳೇ ನಾಲ್ಕೈದು. ಜೊತೆಗೆ, ಲೈಬ್ರರಿ ಕಳೆಯುವುದಕ್ಕಿಂತ ಹೆಚ್ಚು ಪ್ರೋಗ್ರಾಂ ಬರೆಯುವವರೇ ಕಳೆದುಕೊಳ್ಳುತ್ತಾರೆ. ಘಾತ 0.0000000001 ಇದ್ದಾಗ 'ಇ'ಯನ್ನು ಘಾತಕ್ಕೇರಿಸುವ ಫಂಕ್ಷನ್ 'ಎಕ್ಸ್‌ಪಿ' ಕರೆದು, ಬಂದ ಉತ್ತರದಿಂದ 1 ಕಳೆದು ನೋಡಿ: ಏಳೆಂಟು ಅಂಕಿಗಳಾದ ಮೇಲೆ ಬರುವುದೆಲ್ಲ ಕಸ. 1ರ ಪಕ್ಕ ಕುಳಿತಾಗಲೇ ಸಣ್ಣ ಭಾಗದ ಬಾಲ ಕತ್ತರಿಸಿಹೋಗಿತ್ತು, ಕಳೆದಾಗ ಅದು ಬಯಲಾಯಿತು ಅಷ್ಟೆ. ಇದಕ್ಕೆಂದೇ 'ಎಕ್ಸ್‌ಪಿಎಂ1' ಎಂಬ ಬೇರೆ ಫಂಕ್ಷನ್ ಇದೆ, ಬಳಸುವವರು ಕಡಿಮೆ. ಪೈಥಾನ್‌ನಲ್ಲಿ 'ಇ'ಯ ಬೆಲೆಯನ್ನೇ ತೆಗೆದುಕೊಂಡು 700ನೇ ಘಾತಕ್ಕೆ ಏರಿಸಿದರೂ ಹಾಗೆಯೇ: ಆ ಬೆಲೆಯಲ್ಲಿದ್ದ ಚೂರು ತಪ್ಪು 700 ಪಟ್ಟಾಗಿ, ಕೊನೆಯ ಎರಡು ಮೂರು ಅಂಕಿಗಳನ್ನು ನುಂಗುತ್ತದೆ.

ಆದರೂ ಕೊನೆಯ ಬಿಟ್ ಸರಿಯಿರಬೇಕೆಂದೇ ನಾನು ಹಠ ಹಿಡಿಯುತ್ತೇನೆ. ಆ ಬಿಟ್‌ನಿಂದ ಉತ್ತರ ಸತ್ಯಕ್ಕೆ ಹೆಚ್ಚು ಹತ್ತಿರವಾಗುತ್ತದೆ ಎಂಬುದು ನನ್ನ ಮುಖ್ಯ ಕಾರಣವಲ್ಲ. ಅತಿ ಹತ್ತಿರದ ಉತ್ತರ ಒಂದೇ. ಅದನ್ನೇ ಕೊಡಬೇಕೆಂದರೆ ಎಲ್ಲ ಯಂತ್ರಗಳೂ ಒಂದೇ ಮಾತಾಡಬೇಕಾಗುತ್ತದೆ. ಸರ್ನ್ ಸಂಸ್ಥೆ ತನ್ನ ಕಣವೇಗವರ್ಧಕ ಎಲ್‌ಎಚ್‌ಸಿಯ ಕಣಗಳ ಹಾದಿಯ ಲೆಕ್ಕವನ್ನು ಸ್ವಯಂಸೇವಕರ ಮನೆಯ ಕಂಪ್ಯೂಟರುಗಳಿಗೆ ಹಂಚಿದಾಗ ಇದು ಅನುಭವಕ್ಕೆ ಬಂತು. ಸುತ್ತು ಸುತ್ತಿದಂತೆ ಕೊನೆಯ ಬಿಟ್‌ನ ವ್ಯತ್ಯಾಸ ಬೆಳೆದು, ಒಂದೇ ಲೆಕ್ಕಕ್ಕೆ ಎರಡು ಯಂತ್ರಗಳು ಬೇರೆ ಬೇರೆ ಉತ್ತರ ಕೊಡತೊಡಗಿದವು. ಯಾರೋ ಮೋಸ ಮಾಡಿದರೋ, ಯಂತ್ರ ಕೆಟ್ಟಿತೋ, ಲೈಬ್ರರಿಯೇ ಬೇರೆಯೋ? ಬಿಡಿಸುವುದು ಹೇಗೆ? ಸರಿಯಾಗಿ ರೌಂಡ್ ಮಾಡುವ 'ಸಿಆರ್‌ಲಿಬ್‌ಎಂ' ಲೈಬ್ರರಿ ಬಂದ ಮೇಲೆ ಉತ್ತರಗಳು ತಾಳೆಯಾದವು.

ಇದಕ್ಕೆ ಸಮಯದ ಖರ್ಚು ಹೆಚ್ಚು ಎಂಬ ಮಾತು ಹಿಂದೆ ನಿಜವಿತ್ತು. ಇಕ್ಕಟ್ಟಿನ ಸಂಖ್ಯೆ ಎದುರಾದರೆ ಹಳೆಯ ಜಿಲಿಬ್‌ಸಿ ಲೈಬ್ರರಿ ನೂರಾರು ಬಿಟ್‌ಗಳ ಲೆಕ್ಕಕ್ಕೆ ಇಳಿದು ತೆವಳುತ್ತಿತ್ತು. 2018ರ ಹೊತ್ತಿಗೆ ಆ ದಾರಿಯನ್ನೇ ಕೈಬಿಟ್ಟು ವೇಗ ಆರಿಸಿಕೊಂಡರು. ಆದರೆ ಅಷ್ಟರಲ್ಲಿ ಲೆಫೆವ್ರ್ ಮತ್ತು ಮುಲ್ಲರ್ ಅತಿ ಕೆಟ್ಟ ಪ್ರಸಂಗಗಳನ್ನು ಹುಡುಕಿ ಪಟ್ಟಿ ಮಾಡಿಯಾಗಿತ್ತು: ಸೊನ್ನೆಗೆ ತೀರಾ ಹತ್ತಿರದ ಘಾತಗಳನ್ನು ಬಿಟ್ಟರೆ ಸುಮಾರು 113 ಬಿಟ್ ಸಾಕು. ಮಿತಿ ಗೊತ್ತಾದ ಮೇಲೆ ಭಯವೇಕೆ? ಪಾಲ್ ಜಿಮ್ಮರ್ಮನ್ ಮತ್ತು ಜೊತೆಗಾರರ 'ಕೋರ್-ಮ್ಯಾತ್' ಸರಿಯಾದ ಉತ್ತರವನ್ನು ಮಾಮೂಲಿ ಲೈಬ್ರರಿಗಳಿಗೆ ಹೆಗಲೆಣೆಯಾದ ವೇಗದಲ್ಲೇ ಕೊಡುತ್ತಿದೆ.

2008ರ ಐಇಇಇ 754 ಮಾನಕ ಸರಿಯಾಗಿ ರೌಂಡ್ ಮಾಡುವುದನ್ನು ಶಿಫಾರಸು ಮಾಡಿತು, ಕಡ್ಡಾಯ ಮಾಡಲಿಲ್ಲ. ಸಿ ಭಾಷೆಯ ಹೊಸ ಮಾನಕ ಇಂಥ ಫಂಕ್ಷನ್‌ಗಳಿಗೆ ಹೆಸರುಗಳನ್ನು ಕಾದಿರಿಸಿದೆ, ಒದಗಿಸಲೇಬೇಕೆಂದು ಹೇಳಿಲ್ಲ. ಸೀಟಿಗೆ ಟವೆಲ್ ಹಾಕಿದ್ದಾಗಿದೆ. ಕೂರುವವರು ಇನ್ನೂ ಹತ್ತಿಲ್ಲ.